ಸೀಸೆಯಲ್ಲಿದ್ದ ತುಂಡು

ಮುದ್ದೆ ಉಣ್ಣುವವರ ಮನೆಯಲ್ಲಿ ಬಾಯಿಯ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಮುರಿದು, ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ ನುಂಗುವುದಕ್ಕೆ ಹಲ್ಲಿನ ಹಂಗಿಲ್ಲ. ಗಂಗಣ್ಣನ ಬಲಗಡೆಯ ಕೆಳದವಡೆ ಯಾವಾಗಿನಿಂದ ನೋಯುತ್ತಿತ್ತೋ ಅವನಿಗೇ ನೆನಪಿರಲಿಲ್ಲ. ಸಂಕ್ರಾಂತಿಯ ದಿನ ಕಬ್ಬು ಕಚ್ಚಿದವನು ಹಾ ಎಂದು ಜಲ್ಲೆಯನ್ನು ಅಂಗಳಕ್ಕೆ ಎಸೆದು, ಕೆನ್ನೆ ಹಿಡಿದುಕೊಂಡು ಕೂತ ಮೇಲೆಯೇ ಮನೆಯವರಿಗೆ ವಿಷಯ ತಿಳಿದದ್ದು.

ದೇವನಹಳ್ಳಿಗೂ ಅದರ ಪಕ್ಕದ ಚನ್ನರಾಯಪಟ್ಟಣ ಹೋಬಳಿಗೂ ನಡುವಿನ ಊರು ಅದು. ಮನೆಯಲ್ಲಿ ಐದೇ ಜನ. ಯಜಮಾನ ಅಪ್ಪಯ್ಯಣ್ಣ, ಮಾತು ಜೋರು, ಧೈರ್ಯ ಕಡಿಮೆ. ಅವನ ಹೆಂಡತಿ ಅಮ್ಮಯಮ್ಮ, ಮಗ ಗಂಗಣ್ಣ, ಸೊಸೆ ಮುನಿರತ್ನಮ್ಮ, ಆರು ವರ್ಷದ ಮೊಮ್ಮಗಳು ಲಕ್ಷ್ಮೀದೇವಿ. ಅಮ್ಮಯಮ್ಮ ಹೆತ್ತದ್ದು ಐದು, ಉಳಿದದ್ದು ಗಂಗಣ್ಣನೊಬ್ಬ. ಹಾಗಾಗಿ ಮೂವತ್ತು ದಾಟಿದ ಗಂಡಸಿನ ಕಾಲಿಗೆ ಮುಳ್ಳು ಚುಚ್ಚಿದರೂ ಅವಳು ಹರಕೆ ಕಟ್ಟುತ್ತಿದ್ದಳು. ಸೊಸೆ ಅದನ್ನು ನೋಡಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಹಲ್ಲಿನ ನೋವೆಂದರೆ ಹುಳ ತೆಗೆಯುವ ಕದಿರಮ್ಮನಿಗೆ ಹೇಳಿಕಳಿಸುವುದು ಊರಿನ ಪದ್ಧತಿ. ಕದಿರಮ್ಮ ಬಂದಳು. ಕೆಂಡದ ಮೇಲೆ ಕಾಡುಬದನೆಯ ಜಾತಿಯ ಗುಳ್ಳದ ಬೀಜ ಉದುರಿಸಿ, ಕೊಳವೆಯಲ್ಲಿ ಹೊಗೆ ಹಿಡಿಸಿ, ನೀರಿನ ತಟ್ಟೆಯಲ್ಲಿ ಬಿಳಿಯ ಎಳೆಗಳನ್ನು ತೋರಿಸಿದಳು.

“ಏಳು ಹುಳ ಕಣಮ್ಮ. ಶಿವರಾತ್ರಿ ಬರೋ ಹೊತ್ತಿಗೆ ನೋವು ನಿಂತಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸು.”

ಹೆಸರು ಬದಲಾಯಿಸುವ ಪ್ರಸಂಗ ಬರಲಿಲ್ಲ. ಶಿವರಾತ್ರಿಯ ಹೊತ್ತಿಗೆ ನೋವು ಪೂರಾ ನಿಂತೇಹೋಯಿತು. ಅಮ್ಮಯಮ್ಮ ಒಂದು ಮೊರ ರಾಗಿಯನ್ನು ತಾನೇ ಹೊತ್ತುಕೊಂಡು ಹೋಗಿ ಕದಿರಮ್ಮನ ಬಾಗಿಲಿಗೆ ಕೊಟ್ಟು ಬಂದಳು.

ಆಮೇಲೊಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ಲಕ್ಷ್ಮೀದೇವಿ ಕಿಲಕಿಲ ನಕ್ಕಿತು.

“ಅಪ್ಪ ನೋಡಜ್ಜಿ, ಪಾಪು ತರ ಉಣ್ತೈತೆ!”

ಅವರೆಕಾಳಿನ ಸಾರು ಗಂಗಣ್ಣನ ತುಟಿಯಿಂದ ಗದ್ದಕ್ಕೆ, ಗದ್ದದಿಂದ ಎದೆಗೆ ಇಳಿಯುತ್ತಿತ್ತು. ಅವನು ಉಣ್ಣುತ್ತಲೇ ಇದ್ದ.

“ಒರೆಸ್ಕೊಳ್ರಿ” ಅಂದಳು ಮುನಿರತ್ನಮ್ಮ.

“ಏನ?”

“ಗದ್ದದ ಮೇಲೆ ಸಾರು.”

“ಎಲ್ಲಿ?” ಎಂದು ಅವನು ಎಡಗಡೆ ಒರೆಸಿಕೊಂಡ. ಸಾರಿದ್ದದ್ದು ಬಲಗಡೆ.

ಮುನಿರತ್ನಮ್ಮ ಹೊಸಕೋಟೆ ಕಡೆಯ ಹೆಣ್ಣು, ನಾಲ್ಕು ಅಕ್ಷರ ಓದಿದವಳು, ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವ ಸ್ವಭಾವ. ಆ ದಿನವೇ ಆಸ್ಪತ್ರೆಯ ಮಾತು ತೆಗೆದಳು.

“ನೋವಿದ್ದಾಗ ಹೋಗ್ದೋರು ನೋವು ಹೋದ್ಮೇಲೆ ಹೋಗೋದಾ?” ಎಂದು ಅಪ್ಪಯ್ಯಣ್ಣ ರೇಗಿದ. “ಡಾಕ್ಟ್ರು ಕೇಳಿದ್ರೆ ಏನಂತ ಹೇಳ್ತೀಯೇ? ನನ್ನ ಗಂಡಂಗೆ ನೋವಿಲ್ಲ, ಔಷಧ ಕೊಡಿ ಅಂತಲಾ?”

“ಹಂಗೇ ಹೇಳ್ತೀನಿ ಮಾವ. ತುಟಿ ಮರಗಟ್ಟೈತೆ ಅಂತ ಹೇಳ್ತೀನಿ. ಬೆರಳಲ್ಲಿ ಒತ್ತಿದ್ರೆ ಒಳಗಡೆ ಗಂಟು ಸಿಗ್ತೈತೆ ಅಂತ ಹೇಳ್ತೀನಿ.”

“ಗಂಟಾ?” ಎಂದಳು ಅಮ್ಮಯಮ್ಮ. ಮಗನ ಬಾಯೊಳಗಿನ ಗಂಟು ತನಗಿಂತ ಮೊದಲು ಸೊಸೆಯ ಬೆರಳಿಗೆ ಗೊತ್ತಾಗಿತ್ತು ಎಂಬುದು ಅವಳಿಗೆ ಆ ಗಂಟಿನಷ್ಟೇ ನಾಟಿತು.

ಹಾಗೆ ಹೀಗೆ ಎಳೆದಾಡಿ ದೇವನಹಳ್ಳಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಯುಗಾದಿಗೆ ಒಂದೇ ದಿನ ಉಳಿದಿತ್ತು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ನಜೀಬುಲ್ಲಾ ಸಾಹೇಬರು, ಇನ್ನೂ ಎಳೆಯ ವಯಸ್ಸು. ಗಂಗಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಸೂಜಿಯಿಂದ ಮುಖವನ್ನೆಲ್ಲ ಮುಟ್ಟುತ್ತಾ ಬಂದರು.

“ಚುಚ್ಚಿದಾಗೆಲ್ಲ ಹೂಂ ಅನ್ನಪ್ಪಾ.”

ಹಣೆಗೆ ಹೂಂ ಅಂದ. ಕೆನ್ನೆಗೆ ಹೂಂ ಅಂದ. ಎಡತುಟಿಗೆ ಹೂಂ ಅಂದ. ಬಲತುಟಿಯಲ್ಲಿ ಸೂಜಿ ಇಳಿಯಿತು, ರಕ್ತದ ಒಂದು ಹನಿ ಮೂಡಿತು, ಅವನು ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: “ಯಾಕೆ ಸಾಮಿ ನಿಲ್ಲಿಸಿಬಿಟ್ರಿ? ಚುಚ್ಚಿ.”

ಬಾಗಿಲಲ್ಲಿ ನಿಂತಿದ್ದ ಅಮ್ಮಯಮ್ಮ ಒಳಗೆ ಬಂದು ಆ ರಕ್ತದ ಹನಿಯನ್ನು ಸೆರಗಿನಿಂದ ಒರೆಸಿದಳು.

ಡಾಕ್ಟರು ಬಾಯೊಳಗೆ ಬೆರಳು ಹಾಕಿ ಬಹಳ ಹೊತ್ತು ತಡವಿದರು. ಕೊನೆಯ ಹಲ್ಲಿನ ಹಿಂದೆ, ವಸಡಿನ ಕೆಳಗೆ, ಹುಣಸೆ ಬೀಜಕ್ಕಿಂತ ದೊಡ್ಡದಾದ ಗೆಡ್ಡೆ ಇತ್ತು. ಮೇಲೆ ಹುಣ್ಣಿಲ್ಲ, ಕೀವಿಲ್ಲ.

“ಎಲೆಅಡಿಕೆ, ಹೊಗೆಸೊಪ್ಪು?”

“ಮುಟ್ಟಲ್ಲ ಸಾಮಿ” ಅಂದಳು ಮುನಿರತ್ನಮ್ಮ.

“ನೋವು ಹೋಗಿದ್ದು ವಾಸಿಯಾಗಿ ಅಲ್ಲಮ್ಮ. ನೋವನ್ನ ತಿಳಿಸೋ ನರಾನೇ ಸಾಯ್ತಾ ಇದೆ. ಇದೇನು ಅಂತ ನನಗೆ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಒಂದು ಚೂರು ಕತ್ತರಿಸಿ ಕೊಡ್ತೀನಿ. ಬೆಂಗಳೂರಲ್ಲಿ ಅದನ್ನ ಎಳೆ ಎಳೆಯಾಗಿ ಸೀಳಿ, ದುರ್ಬೀನಲ್ಲಿ ನೋಡಿ ಹೇಳ್ತಾರೆ.”

ಕತ್ತರಿಸಿದರು. ಎಳೆಗಾಯಿಯ ಕೊಬ್ಬರಿಯ ಹಾಗೆ ಬೆಳ್ಳಗಿದ್ದ ಒಂದು ಚೂರನ್ನು ಕಟುವಾಸನೆಯ ನೀರಿದ್ದ ಪುಟ್ಟ ಸೀಸೆಗೆ ಹಾಕಿ, ಬಿರಡೆ ಒತ್ತಿ, ಚೀಟಿ ಬರೆದುಕೊಟ್ಟರು. ನಾಳೆ ಹಬ್ಬ, ಆಮೇಲೆ ಶನಿವಾರ, ಭಾನುವಾರ. ಆಸ್ಪತ್ರೆಯ ಜವಾನ ರಜದ ಮೇಲೆ ಊರಿಗೆ ಹೋಗಿದ್ದ.

“ಸೋಮವಾರ ನೀವೇ ರೈಲಲ್ಲಿ ತಗೊಂಡು ಹೋಗಿ ಕೊಡಿ. ಅಲ್ಲೀವರೆಗೆ ತಂಪಾದ ಕಡೆ ಇಡಿ. ಬಿರಡೆ ತೆಗೀಬೇಡಿ.”

ಸೀಸೆ ಮನೆಗೆ ಬಂದು ನಡುಮನೆಯ ಗೂಡಿನಲ್ಲಿ ಕೂತಿತು. ಹಬ್ಬದ ದಿನ ಎಲ್ಲರೂ ಬೇವುಬೆಲ್ಲ ತಿಂದರು. ಒಬ್ಬಟ್ಟು ಮಾಡಿದ್ದರು. ಗಂಗಣ್ಣ ಎಡಗಡೆ ಅಗಿದ. ಅಮ್ಮಯಮ್ಮನ ಕಣ್ಣು ಮಾತ್ರ ಗೂಡಿನ ಕಡೆಯಿಂದ ಕದಲಲಿಲ್ಲ.

ಅವಳ ಸಂಕಟ ಏನೆಂದು ಆ ಸೀಮೆಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಕೂದಲು, ಉಗುರು, ಹೊಕ್ಕಳಬಳ್ಳಿ ಯಾವುದನ್ನೂ ಪರರ ಕೈಗೆ ಸಿಗಲು ಬಿಡಬಾರದು. ಮೈಯಿಂದ ಬಂದದ್ದು ಮನೆಯ ಮಣ್ಣಿಗೆ ಸೇರಬೇಕು. ಸೇರದಿದ್ದರೆ ಅದು ಮೈಯನ್ನು ಕರೆಯುತ್ತಲೇ ಇರುತ್ತದೆ, ಗಾಯ ಮಾಯುವುದಿಲ್ಲ. ಅವಳ ಮೊದಲ ಗಂಡುಮಗು ತೌರಿನಲ್ಲಿ ಹುಟ್ಟಿದಾಗ ಬಳ್ಳಿಯನ್ನು ಯಾರೋ ಎಲ್ಲೋ ಎಸೆದಿದ್ದರು, ಮಗು ತಿಂಗಳು ತುಂಬಲಿಲ್ಲ. ಗಂಗಣ್ಣನದನ್ನು ಅವಳೇ ಬಾಣಂತಿ ಮೈಯಲ್ಲಿ ಎದ್ದುಹೋಗಿ ಹಿತ್ತಲಿನ ಚಕ್ಕೋತದ ಬುಡದಲ್ಲಿ ಹೂತಿದ್ದಳು. ಅವನು ಬದುಕಿದ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ತಾಯಿಗೆ ಬೇಕು? ಈಗ ಆ ಮಗನ ಬಾಯಿಯ ಮಾಂಸವನ್ನು ಬೆಂಗಳೂರಿನ ಯಾರೋ ಎಳೆ ಎಳೆಯಾಗಿ ಸೀಳುತ್ತಾರಂತೆ.

ಮರುದಿನ ಶನಿವಾರ ವರ್ಷದ ತೊಡಕು, ಬಾಡೂಟದ ದಿನ. ಊರವರು ಸೇರಿ ಮರಿ ಕೊಯ್ದು, ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕಿ ಹಂಚಿದರು. ಅಪ್ಪಯ್ಯಣ್ಣ ಒಂದು ಗುಡ್ಡೆ ತಂದು ಅಡುಗೆಮನೆಗೆ ಕೊಟ್ಟು ಮತ್ತೆ ಹರಟೆಗೆ ಹೋದ. ಗಂಗಣ್ಣ ದನಗಳಿಗೆ ನೀರು ಕುಡಿಸಲು ಹೋಗಿದ್ದ, ಮುನಿರತ್ನಮ್ಮ ಹಿಂದಿನ ಜಗಲಿಯಲ್ಲಿ ಖಾರ ಅರೆಯುತ್ತಿದ್ದಳು. ಅಮ್ಮಯಮ್ಮ ಸೀಸೆಯ ಬಿರಡೆ ತೆಗೆದಳು. ವಾಸನೆಗೆ ಕಣ್ಣಲ್ಲಿ ನೀರು ಬಂತು. ಬಿಳಿಯ ಚೂರನ್ನು ಕಡ್ಡಿಯಿಂದ ಎತ್ತಿ ಅರಿಶಿನದ ಬಟ್ಟೆಯಲ್ಲಿ ಸುತ್ತಿದಳು. ಗುಡ್ಡೆಯಿಂದ ಅಷ್ಟೇ ಗಾತ್ರದ ಒಂದು ತುಂಡನ್ನು ಕೊಯ್ದು ಸೀಸೆಗೆ ಹಾಕಿದಳು. ಹಿತ್ತಲಿಗೆ ಹೋಗಿ, ಕುಂಕುಮವಿಟ್ಟು, ಮಗನದನ್ನು ಮಗನ ಜಾಗದಲ್ಲಿ ಹೂತು ಬಂದಳು. ಡಾಕ್ಟರು ಹೇಗೂ ಬಾಯನ್ನು ಕಣ್ಣಾರೆ ನೋಡಿದ್ದಾರಲ್ಲ, ಔಷಧ ಕೊಡಲು ಚೂರು ಯಾಕೆ ಬೇಕು ಎಂದೇ ಅವಳ ಎಣಿಕೆ. ಮಧ್ಯಾಹ್ನದ ಸಾರಿಗೆ ಅವತ್ತು ಅವಳ ಕೈ ಚೆನ್ನಾಗಿ ಕೂಡಿತ್ತು. ಗಂಗಣ್ಣ ಎರಡು ಸಲ ಬಡಿಸಿಕೊಂಡ. ಸೋಮವಾರದ ಹೊತ್ತಿಗೆ ಸೀಸೆಯಲ್ಲಿದ್ದ ತುಂಡೂ ಬಿಳಿಚಿಕೊಂಡಿತ್ತು.

ಗಂಗಣ್ಣ ಒಬ್ಬನೇ ರೈಲಿನಲ್ಲಿ ಹೋಗಿ ಕೊಟ್ಟು ಬಂದ. ಎರಡು ವಾರ ಕಳೆದು ಅಪ್ಪಮಗ ದೇವನಹಳ್ಳಿಗೆ ಹೋದರು. ಬರುವಾಗ ಅಪ್ಪಯ್ಯಣ್ಣನ ಕೈಯಲ್ಲಿ ಬತ್ತಾಸಿನ ಪೊಟ್ಟಣವಿತ್ತು.

“ಏನೂ ಇಲ್ವಂತೆ ಕಣ್ರೇ! ಬೆಂಗಳೂರಿಂದ ಕಾಗದ ಬಂದೈತೆ. ಏನೂ ಕೆಟ್ಟದ್ದಿಲ್ವಂತೆ!”

ಮುನಿರತ್ನಮ್ಮ ಬತ್ತಾಸನ್ನು ಮಗುವಿಗೆ ಕೊಟ್ಟು ಗಂಡನ ಎದುರು ಕೂತಳು.

“ಡಾಕ್ಟ್ರು ಏನಂದ್ರು? ಸರಿಯಾಗಿ ಹೇಳಿ.”

ಗಂಗಣ್ಣ ತಲೆ ಎತ್ತಲಿಲ್ಲ. “ಕಾಗದದಲ್ಲಿ ಬರೀ ಮಾಂಸ ಅಂತ ಬರೆದವ್ರೆ. ಗೆಡ್ಡೆ ಅದರಲ್ಲಿ ಬಂದೇ ಇಲ್ವಂತೆ. ನನ್ನ ಕೈ ತಪ್ಪಿರಬೇಕು, ಇನ್ನೊಂದ್ಸಲ ಕೊಯ್ಯೋಣ ಅಂದ್ರು.”

“ಮತ್ತೆ?”

“ಮತ್ತೇನೇ?” ಎಂದು ಅಪ್ಪಯ್ಯಣ್ಣ ನಡುವೆ ಬಾಯಿ ಹಾಕಿದ. “ಬಂದಾಗೆಲ್ಲ ಕೊಯ್ಯೋದಕ್ಕೆ ನನ್ನ ಮಗ ಏನು ಹಲಸಿನ ಹಣ್ಣಾ? ಆಗಲ್ಲ ಅಂತ ಹೇಳಿ ಎದ್ದು ಬಂದೆ.”

“ನೀವೇನಂದ್ರಿ?” ಅವಳು ಗಂಡನನ್ನೇ ಕೇಳಿದಳು.

“ನಂಗೂ ಬೇಡ ರತ್ನ. ಏನೂ ಇಲ್ಲ ಅಂತ ಬರೆದವ್ರಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮಯಮ್ಮ ಹಿಟ್ಟಿನ ಕೋಲು ಹಿಡಿದು ನಿಂತಿದ್ದಳು. ಬರೀ ಮಾಂಸ. ಬೆಂಗಳೂರಿನವರು ಸರಿಯಾಗಿಯೇ ನೋಡಿದ್ದರು. ಹಬ್ಬದ ಮರಿಗೆ ಯಾವ ರೋಗವೂ ಇರಲಿಲ್ಲ. ಅವಳಿಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಬಾಯಿ ತೆರೆದಳು ಕೂಡ. ಗಂಡ ಬತ್ತಾಸು ತಿನ್ನುತ್ತಿದ್ದ, ಮೊಮ್ಮಗಳು ಕುಣಿಯುತ್ತಿತ್ತು. ಮುದ್ದೆ ತಳ ಹಿಡಿಯುತ್ತದೆ ಎಂದು ಒಳಗೆ ಹೋದಳು.

ಹೇಳಬಹುದಾಗಿತ್ತು. ಅವತ್ತಲ್ಲದಿದ್ದರೆ ಮರುದಿನ ಹೇಳಬಹುದಾಗಿತ್ತು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಒಮ್ಮೊಮ್ಮೆ ಕಾಗದದ ಮಾತನ್ನು ಅವಳೇ ನಂಬಿಬಿಡುತ್ತಿದ್ದಳು. ಗಾಯ ಬೇಗ ಮಾಯ್ದಿತ್ತಲ್ಲ, ಮಣ್ಣಿಗೆ ಸೇರಿಸಿದ್ದು ಫಲ ಕೊಟ್ಟಿತು ಎಂದುಕೊಳ್ಳುತ್ತಿದ್ದಳು.

ಗೆಡ್ಡೆಗೆ ಕಾಗದದ ಹಂಗಿರಲಿಲ್ಲ. ವೈಶಾಖದಲ್ಲಿ ಕೆನ್ನೆ ಉಬ್ಬಿತು. ಎರಡು ಹಲ್ಲು ಅಲ್ಲಾಡಿ ತಾವಾಗಿ ಬಿದ್ದವು. ಮುದ್ದೆಯನ್ನು ತೆಳ್ಳಗೆ ತೊಳಸಿದರು, ಆಮೇಲೆ ಅಂಬಲಿಗೆ ಇಳಿಸಿದರು. ಗಂಗಣ್ಣನ ಮಾತು ದಪ್ಪವಾಯಿತು, ಎತ್ತುಗಳು ಅವನ ಕೂಗಿಗೆ ತಿರುಗುವುದನ್ನು ಬಿಟ್ಟವು. ಮನೆಯಲ್ಲಿ ದಿನವೂ ಜಗಳ.

“ಇನ್ನೊಂದ್ಸಲ ಹೋಗೋಣ ಅಂದ್ರೆ ಯಾರೂ ಕೇಳಲ್ವಲ್ಲ. ಇದು ಏನೂ ಇಲ್ಲದೋರ ಮುಖಾನಾ?” ಎಂದು ಮುನಿರತ್ನಮ್ಮ ಮಾವನೆದುರು ನಿಂತು ಕೂಗಿದಳು.

“ಬಾಯಿ ಮುಚ್ಚೇ! ಕೊಯ್ದಿದ್ದಕ್ಕೇ ಕೆರಳೈತೆ ಅದು. ಇನ್ನೊಂದ್ಸಲ ಕೊಯ್ಸಿ ಸಾಯ್ಸಬೇಕು ಅಂತಿದೀಯಾ?”

ಅವಳು ಅತ್ತೆಯ ಕಡೆ ತಿರುಗಿದಳು. “ನೀವಾದ್ರೂ ಹೇಳಿ ಅತ್ತೆ. ನಿಮ್ಮ ಮಾತು ತೆಗೆದುಹಾಕಲ್ಲ ಇವರು.”

“ಡಾಕ್ಟ್ರೇ ಏನಿಲ್ಲ ಅಂದವ್ರಲ್ಲೇ” ಅಂದಳು ಅಮ್ಮಯಮ್ಮ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಹಿಂತೆಗೆದುಕೊಳ್ಳಲಿಲ್ಲ.

ಜ್ಯೇಷ್ಠದ ಒಂದು ಬೆಳಿಗ್ಗೆ ಗಂಗಣ್ಣ ಅಂಬಲಿಯಲ್ಲಿ ರೊಟ್ಟಿ ನೆನೆಸಿಕೊಂಡು ತಿನ್ನುತ್ತಿದ್ದ. ಲಕ್ಷ್ಮೀದೇವಿ ಎದುರಿಗೆ ಕೂತಿತ್ತು. ಈ ಸಲ ಮಗು ನಗಲಿಲ್ಲ.

“ಅಜ್ಜಿ, ಅಪ್ಪ ತುಟೀನ ತಿಂತೈತೆ.”

ಅಮ್ಮಯಮ್ಮ ಬಂದು ನೋಡಿದಳು. ಬಟ್ಟಲಿನ ಅಂಬಲಿ ಕೆಂಪಾಗಿತ್ತು. ಗಂಗಣ್ಣ ತನ್ನ ತುಟಿಯನ್ನೇ ಕಚ್ಚಿ ಅಗಿಯುತ್ತಾ, ರೊಟ್ಟಿ ಇನ್ನೂ ನೆಂದಿಲ್ಲ ಎಂದು ಗೊಣಗುತ್ತಿದ್ದ.

ಅವಳು ಸೆರಗಿನಿಂದ ಅವನ ಬಾಯಿ ಒತ್ತಿಹಿಡಿದಳು, ಸೊಸೆಯನ್ನು ಕೂಗಿದಳು. ಆಮೇಲೆ ಯಾರಿಗೂ ಹೇಳದೆ ದೇವನಹಳ್ಳಿಯ ದಾರಿ ಹಿಡಿದಳು. ಬಿಸಿಲೇರುವ ಹೊತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲಿದ್ದಳು.

ನಜೀಬುಲ್ಲಾ ಸಾಹೇಬರು ಅವಳ ಮಾತು ಪೂರಾ ಕೇಳಿದರು. ಮೊದಲು ಅರ್ಥವಾಗದವರಂತೆ ನೋಡಿದರು.

“ಸೀಸೇಲಿ ಏನು ಹಾಕಿದ್ರಿ?”

“ತೊಡಕಿನ ಮರಿ ಮಾಂಸ ಸಾಮಿ.”

“ನಾನು ಕೊಟ್ಟಿದ್ದು?”

“ಹಿತ್ತಲಲ್ಲಿ ಹೂತೆ. ಅವನ ಹೊಕ್ಕಳಬಳ್ಳಿ ಹೂತ ಜಾಗದಲ್ಲಿ.”

ಡಾಕ್ಟರು ಎದ್ದು ಕಿಟಕಿಯವರೆಗೆ ಹೋಗಿ ಬಂದು ಮತ್ತೆ ಕೂತರು. “ಎಂಟು ವಾರ ಆಯ್ತಮ್ಮಾ. ಎಂಟು ವಾರದಿಂದ ನಾನು ಕತ್ತಿ ಹಿಡಿಯೋವಾಗೆಲ್ಲ ನಿಮ್ಮ ಮಗನ ಮುಖ ಕಾಣುತ್ತೆ. ಗೆಡ್ಡೆ ಬಿಟ್ಟು ಪಕ್ಕದ ಮಾಂಸ ಕೊಯ್ದ ದಡ್ಡ ನಾನು ಅಂತ ನನ್ನನ್ನೇ ಬೈಕೊಂಡಿದೀನಿ. ನಿಮಗೆ ಏನು ಹೇಳಲಿ?”

“ಹೊಡೀರಿ ಸಾಮಿ.”

“ಹೊಡೆದು ಏನು ಮಾಡಲಿ? ನಾಳೆ ಕರ್ಕೊಂಡು ಬನ್ನಿ. ಮನೇಲಿ ಏನಾದ್ರೂ ಹೇಳ್ಕೊಳ್ಳಿ, ಕರ್ಕೊಂಡು ಬನ್ನಿ.”

ತುಟಿಯ ಗಾಯ ನೋಡಿದ ಮೇಲೆ ಅಪ್ಪಯ್ಯಣ್ಣನೂ ಎದುರು ಮಾತಾಡಲಿಲ್ಲ. ಎರಡನೆಯ ಚೂರನ್ನು ಕತ್ತರಿಸಿದ ಡಾಕ್ಟರು ಅದನ್ನು ಯಾರ ಕೈಗೂ ಕೊಡದೆ ತಾವೇ ರೈಲು ಹತ್ತಿದರು. ಉತ್ತರ ಬಂದ ದಿನ ಮನೆಯವರನ್ನೆಲ್ಲ ಕರೆಸಿ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು.

“ನರಕ್ಕೆ ಮೇಲೊಂದು ಪೊರೆ ಇರುತ್ತೆ. ಗೆಡ್ಡೆ ಹುಟ್ಟಿರೋದು ಆ ಪೊರೇಲಿ. ಕೆಟ್ಟ ಗೆಡ್ಡೆ. ಬಾಯಲ್ಲಿ ಇದು ಬರೋದು ತೀರಾ ಅಪರೂಪ. ದುರ್ಬೀನಲ್ಲಿ ನೋಡಿದ ಡಾಕ್ಟ್ರು ತಲೆ ಬಿಳಿಯಾದೋರು, ಅವರೇ ಪುಸ್ತಕದಲ್ಲಿ ಓದಿದ್ದು ಬಿಟ್ರೆ ಕಂಡಿಲ್ಲ ಅಂದ್ರು. ಅದಕ್ಕೇ ಮೂರು ಜನ ನೋಡಿ ಬರೆದಿದ್ದಾರೆ.”

“ಔಷಧ?” ಎಂದಳು ಮುನಿರತ್ನಮ್ಮ.

“ಔಷಧ ಇಲ್ಲಮ್ಮ. ದವಡೆ ಸಮೇತ ತೆಗೀಬೇಕು. ಆದ್ರೆ ಇದು ನರ ಹಿಡ್ಕೊಂಡೇ ಮೇಲಕ್ಕೆ ಹತ್ತೋ ಜಾತಿ. ಹತ್ತಿಬಿಟ್ಟಿದ್ರೆ ಕತ್ತಿ ಹಾಕೋಕಾಗಲ್ಲ. ಬೆಂಗಳೂರಲ್ಲಿ ದೊಡ್ಡ ಡಾಕ್ಟ್ರಿಗೆ ತೋರಿಸೋಣ. ಆಸೆ ಇಟ್ಕೋಬೇಡಿ.”

ಅಪ್ಪಯ್ಯಣ್ಣ ಎದ್ದು ನಿಂತ. ಗಂಟಲು ಹರಿಯುವಂತೆ ಕೂಗಿದ. “ಹಂಗಾದ್ರೆ ಅವತ್ತೇ ಯಾಕೆ ಸಿಗ್ಲಿಲ್ಲ? ಸರಿಯಾಗಿ ಕೊಯ್ಯೋಕೆ ಬರ್ದೆ ನನ್ನ ಮಗನ್ನ ಕೊಂದುಬಿಟ್ರಲ್ಲ!”

ಡಾಕ್ಟರು ಅಮ್ಮಯಮ್ಮನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಮಡಿಸಿದರು.

“ಹೌದು. ಅವತ್ತು ನನ್ನ ಕೈ ತಪ್ಪಿತ್ತು” ಅಂದರು.

ಮುನಿರತ್ನಮ್ಮ ಬಾಯಿಗೆ ಬಂದದ್ದೆಲ್ಲ ಅಂದಳು. ನಿಮ್ಮ ಮನೆ ಹಾಳಾಗ, ನಿಮ್ಮ ಕೈಗೆ ಹುಳ ಬೀಳ ಎಂದು ಎದೆ ಹೊಡೆದುಕೊಂಡಳು. ಡಾಕ್ಟರು ತಲೆ ತಗ್ಗಿಸಿ ಕೂತಿದ್ದರು. ಅಮ್ಮಯಮ್ಮ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳು ಇದನ್ನು ತಡೆಯಲಾರದೆ ಹೋದಳು. ಪರರ ಮಗನೊಬ್ಬ ತನ್ನ ಪಾಲಿನ ಶಾಪವನ್ನು ಹೀಗೆ ತಿನ್ನುವುದನ್ನು ಕಣ್ಣಿಂದ ನೋಡಲಾಗಲಿಲ್ಲ.

“ಅವರದ್ದಲ್ಲ ಕಣೇ ರತ್ನ. ಸೀಸೇಲಿದ್ದದ್ದು ಬದಲಾಯಿಸಿದ್ದು ನಾನು.”

ಎಲ್ಲವನ್ನೂ ಹೇಳಿದಳು. ಅಪ್ಪಯ್ಯಣ್ಣ ಗೋಡೆಗೆ ಒರಗಿ ಕುಸಿದು ಕೂತ. ಗಂಗಣ್ಣ ನೆಲ ನೋಡುತ್ತಿದ್ದ. ಮುನಿರತ್ನಮ್ಮ ಅತ್ತೆಯನ್ನು ಒಂದು ಸಲ ನೋಡಿ, ಗಂಡನ ಕೈ ಹಿಡಿದು ಎಬ್ಬಿಸಿಕೊಂಡು ಹೊರಗೆ ಹೋದಳು.

ಬೆಂಗಳೂರಿನ ದೊಡ್ಡ ಡಾಕ್ಟರು ಕೆನ್ನೆ, ಕಿವಿಯ ಮುಂದೆ, ಕಣ್ಣಿನ ಸುತ್ತ ಎಲ್ಲ ಒತ್ತಿನೋಡಿ ಕೈ ಹಾಕುವುದಿಲ್ಲ ಎಂದರು. ಮನೆಗೆ ವಾಪಸು ಕರೆದುಕೊಂಡು ಬಂದರು. ಅವತ್ತಿನಿಂದ ಮನೆಯ ಒಲೆ ಮುನಿರತ್ನಮ್ಮನದಾಯಿತು. ಅತ್ತೆಗೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ಮಾತಿಲ್ಲ. ಗಂಡನ ಗಂಜಿಯ ಬಟ್ಟಲಿನ ಹತ್ತಿರ ಮಾತ್ರ ಬಿಡುತ್ತಿರಲಿಲ್ಲ.

“ಆ ಕೈಲಿ ಮುಟ್ಟಬೇಡಿ” ಎಂದು ಮೊದಲ ದಿನವೇ ಹೇಳಿದ್ದಳು. ಅಮ್ಮಯಮ್ಮ ಮುಟ್ಟಲಿಲ್ಲ.

ಆಷಾಢದ ಗಾಳಿ ಎದ್ದಿತ್ತು. ಒಂದು ಬೆಳಿಗ್ಗೆ ಮುನಿರತ್ನಮ್ಮ ನೀರಿಗೆ ಹೋಗಿದ್ದಳು, ಅಪ್ಪಯ್ಯಣ್ಣ ಹೊಲದಲ್ಲಿದ್ದ. ಗಂಗಣ್ಣ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಬಲಗಣ್ಣು ಅರ್ಧ ಮುಚ್ಚಿತ್ತು. ಅಂಗಳದಲ್ಲಿ ಸಗಣಿ ಬಳಿಯುತ್ತಿದ್ದ ತಾಯಿಯನ್ನು ಕೈಸನ್ನೆ ಮಾಡಿ ಕರೆದ. ಅವನ ತೊದಲು ಮಾತು ಆಗ ಪೂರಾ ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೆ.

“ಅವ್ವ, ನಾನು ರೈಲಲ್ಲಿ ಸೀಸೆ ನೋಡಿದ್ದೆ.”

“ಯಾವಾಗಪ್ಪಾ?”

“ಸೋಮವಾರ. ಬಿಸಿಲಿಗೆ ಎತ್ತಿಹಿಡಿದು ನೋಡ್ದೆ. ಡಾಕ್ಟ್ರು ಹಾಕಿದ್ದು ಎಳೆ ಇಲ್ಲದ ಗಟ್ಟಿ ಚೂರು. ಇದರಲ್ಲಿ ಎಳೆ ಇತ್ತು, ಅಂಚಲ್ಲಿ ಕೊಬ್ಬಿತ್ತು. ಎಷ್ಟು ಮರಿ ಕೊಯ್ದಿಲ್ಲ ನಾನು? ನೋಡಿದ ತಕ್ಷಣ ಗೊತ್ತಾಯ್ತು. ಯಾರು ಮಾಡಿದ್ದು ಅಂತಾನೂ ಗೊತ್ತಾಯ್ತು.”

ಅಮ್ಮಯಮ್ಮನ ಕೈಯ ಸಗಣಿ ನೆಲಕ್ಕೆ ಬಿತ್ತು.

“ಗೊತ್ತಿದ್ದೂ ಕೊಟ್ಟು ಬಂದ್ಯಾ?”

“ಕೊಟ್ಟೆ. ಡಾಕ್ಟ್ರು ಸೂಜಿ ಚುಚ್ಚಿದ ದಿನಾನೇ ನಂಗೆ ಭಯ ಹತ್ತಿತ್ತು ಅವ್ವ. ಏನೂ ಇಲ್ಲ ಅಂತ ಯಾರಾದ್ರೂ ಬರೆದುಕೊಟ್ರೆ ಸಾಕಾಗಿತ್ತು. ಮರಿ ಮಾಂಸಕ್ಕೇ ಬರೆದುಕೊಟ್ರೂ ಸರಿ, ಬೇಕಾಗಿತ್ತು. ಅದಕ್ಕೇ ಎರಡನೇ ಸಲ ಬೇಡ ಅಂದೆ.”

ಅವಳು ಜಗಲಿಯ ಅಂಚು ಹಿಡಿದುಕೊಂಡಳು. ಮೂರು ತಿಂಗಳಿಂದ ಒಬ್ಬಳೇ ಹೊತ್ತದ್ದರ ಅರ್ಧ ಇಳಿದ ಹಾಗಾಯಿತು. ಆ ಹಗುರಕ್ಕೆ ಅವಳಿಗೆ ಅಳು ಬಂತು. ಗಂಗಣ್ಣ ಅವಳ ಮಣಿಕಟ್ಟು ಹಿಡಿದ.

“ರತ್ನಂಗೆ ಮಾತ್ರ ಇದನ್ನ ಹೇಳ್ಬೇಡ.”

“ಯಾಕಪ್ಪಾ?”

“ಅವಳು ದಿನಾ ಬೇಡ್ಕೊಂಡ್ಲು, ಹೋಗೋಣ ಬನ್ನಿ ಅಂತ. ಗೊತ್ತಿದ್ದೂ ನಾನು ಕೂತಿದ್ದೆ ಅಂತ ತಿಳಿದ್ರೆ, ನಾನು ಹೋದ್ಮೇಲೆ ನನ್ನ ನೆನಪಿಟ್ಕೊಂಡು ಬದುಕೋಕಾಗಲ್ಲ ಅವಳಿಗೆ. ಮಗೂನ ಬೇರೆ ಸಾಕಬೇಕು. ಸಿಟ್ಟು ಮಾಡ್ಕೊಳ್ಳೋಕೆ ಅವಳಿಗೆ ಯಾರಾದ್ರೂ ಬೇಕಲ್ಲ.” ಅವನು ಬಾಯಿಯ ಜೊಲ್ಲನ್ನು ಕಂಬಳಿಯಿಂದ ಒರೆಸಿಕೊಂಡ. “ನಿನ್ನ ಮೇಲೇ ಇರ್ಲಿ ಅವ್ವ.”

ಅಮ್ಮಯಮ್ಮ ಮಗನ ಮುಖ ನೋಡಿದಳು. ತಾನು ಇನ್ನೂ ಹತ್ತು ಹದಿನೈದು ವರ್ಷ ಬದುಕಿದರೆ, ಅಷ್ಟು ವರ್ಷವೂ ಆ ಸೊಸೆಯ ಕೈಯಲ್ಲೇ ಉಣ್ಣಬೇಕು.

“ಆಗ್ಲಿ ಕಣಪ್ಪಾ” ಅಂದಳು.

ಅಷ್ಟರಲ್ಲಿ ಮುನಿರತ್ನಮ್ಮ ಬಿಂದಿಗೆ ಹೊತ್ತು ಅಂಗಳಕ್ಕೆ ಬಂದಳು. ಗಂಡನ ಮಣಿಕಟ್ಟಿನ ಹಿಡಿತ, ಅತ್ತೆಯ ಒದ್ದೆ ಕಣ್ಣು ಎರಡನ್ನೂ ನೋಡಿದಳು.

“ಈಗ ಅತ್ತು ಏನು ಬಂತು?” ಎಂದಳು. “ಸರಿಯಿರಿ ಅತ್ಲಾಗೆ. ಅವರಿಗೆ ಗಂಜಿ ಕುಡಿಸಬೇಕು.”

ಅಮ್ಮಯಮ್ಮ ಮಗನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಜಾಗ ಬಿಟ್ಟಳು.